ಬ್ರೇಕಿಲ್ಲದ ವಿಂಚ್

ಭಾವ ಬಂದ ಒಂದೂವರೆ ವರ್ಷದಲ್ಲಿ ಕಮಲಾಕ್ಷನ ಕುರ್ಚಿ ಹೋಯಿತು, ಮರ್ಯಾದೆ ಹೋಯಿತು, ಕೊನೆಗೆ ಜಿಂಕೆಗಳೂ ಕೈಬಿಟ್ಟವು. ಕೊಕ್ಕರ್ಣೆಯ ಕಾಡಂಚಿನ ಆ ಜಾಗ ಅಮ್ಮನಿಂದ ಅಕ್ಕ ವಾರಿಜಾಕ್ಷಿಗೆ ಬಂದದ್ದು ನಿಜ. ಆದರೆ ಅಲ್ಲಿ ಹೋಂಸ್ಟೇ ಕಟ್ಟಿ, ಮರಕ್ಕೆ ಜೋಳದ ಡ್ರಮ್ಮು ತೂಗುಹಾಕಿ, ಉದುರಿದ ಕಾಳಿಗೆ ಜಿಂಕೆಗಳು ಬರುವಂತೆ ಮಾಡಿದವನು ಅವನು. ಅಕ್ಕನ ಗಂಡ ಗೋವರ್ಧನ ಬೋಟಿನ ಕೆಲಸ ಬಿಟ್ಟು ಬಂದು, ಸೀಟಿ ಹೊಡೆದು ಅವನ್ನು ಕರೆಯಲು ಕಲಿತ. ಅತಿಥಿಗಳು ಅವನನ್ನೇ ಯಜಮಾನ ಅಂದುಕೊಂಡರು. ಮೊನ್ನೆ ಅಕ್ಕ ಮುಖ ನೋಡದೆ ಹೇಳಿದಳು, "ನಿಂಗೆ ಬೇರೆ ಎಲ್ಲಾದ್ರೂ ಕೆಲ್ಸ ಕಾಂಬ, ಆತಾ?"

ನಲವತ್ತಾರು ದಾಟಿದವನಿಗೆ ಹೋಗಲು ಬೇರೆ ಊರಿರಲಿಲ್ಲ. ಮೊದಲು ಅಳು ಬಂತು, ಆಮೇಲೆ ಸಿಟ್ಟು, ಆಮೇಲೆ ಉಪಾಯ.

ಹಂದಿಗಳಿಗೆ ಸಿಗಬಾರದೆಂದು ಡ್ರಮ್ಮು ಇಪ್ಪತ್ತಡಿ ಮೇಲಿರುತ್ತಿತ್ತು. ಗೋವರ್ಧನ ದಿನಾ ಬೆಳಿಗ್ಗೆ ಅದನ್ನು ಇಳಿಸಿ, ತುಂಬಿಸಿ, ಜೋಡಿ ರಾಟೆಗಳಿಂದ ಮೇಲೆಳೆದು, ಹಗ್ಗವನ್ನು ಮರಕ್ಕೆ ಕಟ್ಟಿ, ನೇರ ಅದರ ಅಡಿಗೇ ಹೋಗಿ ಉದ್ದ ಕೋಲಿನಿಂದ ತಳದ ಕಾಳು ಕಟ್ಟಿದ ತೂತುಗಳನ್ನು ಬಿಡಿಸುತ್ತಿದ್ದ. ತುಂಬಿದ ಡ್ರಮ್ಮಿನ ತೂಕ ಒಂದು ಕ್ವಿಂಟಲ್. ಹಗ್ಗ ಕೊಯ್ದರೆ ಗಾಯ ಕಾಣುತ್ತದೆ. ಯಂತ್ರ ಕೆಟ್ಟರೆ ಯಾರೂ ಯಾರನ್ನೂ ಕೇಳುವುದಿಲ್ಲ. ಹಗ್ಗ ಸವೆದಿದೆ, ಭಾರ ಎತ್ತುವ ವಿಂಚ್ ಹಾಕಿಸೋಣ ಎಂದಾಗ ಭಾವ ಖುಷಿಯಿಂದಲೇ ಒಪ್ಪಿದ.

ಕುಂದಾಪುರದಲ್ಲಿ ಕಮಲಾಕ್ಷ ಮೂರು ಅಂಗಡಿ ಹತ್ತಿಳಿದ. ಕರೆಂಟಿನದ್ದು ಸ್ವಿಚ್ ಬಿಟ್ಟ ಕೂಡಲೇ ತಾನೇ ನಿಲ್ಲುತ್ತದೆ, ಬೇಡ. ಬ್ರೇಕಿನದ್ದು ಹಿಡಿಕೆ ಬಿಟ್ಟರೂ ಜಾರುವುದಿಲ್ಲ, ಅದೂ ಬೇಡ. ಮೂಲೆಯಲ್ಲೊಂದು ಬರೀ ಹಲ್ಲಿನ ಚಕ್ರ ಮತ್ತು ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆಯ ಲಾಕಿನ ವಿಂಚ್ ಇತ್ತು.

"ಅದ್ ದೋಣಿ ದಡಕ್ಕೆ ಎಳುಕೆ. ತೂಗ್ಸುಕೆ ಆತಿಲ್ಲ," ಎಂದ ಅಂಗಡಿಯವನು.

"ಎಳುಕೇ," ಎಂದ ಕಮಲಾಕ್ಷ.

ಹಿಂದಿನ ಕೊಟ್ಟಿಗೆಯಲ್ಲಿ ಕೊಕ್ಕೆಯ ತುದಿಯನ್ನು ಅರದಿಂದ ಉಜ್ಜಿ, ಕಲ್ಲಿನ ಮೂಟೆ ತೂಗಿಸಿ ನೋಡಿದ. ಹಿಡಿಕೆಯ ಮೇಲೆ ಕೈಯಿದ್ದಷ್ಟು ಹೊತ್ತು ಅಲುಗಲಿಲ್ಲ. ಕೈಬಿಟ್ಟು ಹನ್ನೆರಡು ಎಣಿಸುವಷ್ಟರಲ್ಲಿ ಕೊಕ್ಕೆ ಜಾರಿತು. ಮೂರು ಸಲವೂ ಹನ್ನೆರಡೇ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕೆಲಸ ಅವನು ಹೇಳಿದಂತೆ ಕೇಳಿತ್ತು.

ಭಾನುವಾರ ಬೆಳಿಗ್ಗೆ ಅಕ್ಕ ಜಗಲಿಯಲ್ಲಿದ್ದಳು, ಅತಿಥಿಗಳು ಕ್ಯಾಮರಾ ಹಿಡಿದು ಸಾಲಾಗಿ ನಿಂತಿದ್ದರು. ಗೋವರ್ಧನ ಮರಕ್ಕೆ ಬಿಗಿದ ಹೊಸ ವಿಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತುಂಬಿದ ಡ್ರಮ್ಮನ್ನು ಸರಾಗವಾಗಿ ಮೇಲೇರಿಸಿದ. ಚಹಾಕ್ಕೆಂದು ಅಡುಗೆಮನೆಯತ್ತ ಹೊರಟಿದ್ದ ಕಮಲಾಕ್ಷನನ್ನು ಕರೆದ.

"ಹ್ವಾಯ್ ಕಮಲಾಕ್ಷ, ಕೋಲ್ ತಕೋ. ಕೆಳಗ್ ನೀ ಹೋಗ್."

"ದಿನಾ ನೀವೇ ಹೋತ್ರಲೆ, ಭಾವ?"

"ಅದ್ ಹಗ್ಗ ಇದ್ದಾಗ. ವಿಂಚ್ ಹಿಡ್ದವ ಕೆಳಗ್ ಹೋಪುಕಿಲ್ಲ ಮಾರಾಯ."

ಎಲ್ಲರೂ ನೋಡುತ್ತಿದ್ದರು. ಒಲ್ಲೆ ಎನ್ನಲು ಅವನ ಬಳಿ ಇದ್ದದ್ದು ಒಂದೇ ಕಾರಣ, ಅದನ್ನು ಬಾಯಿಬಿಡುವಂತಿರಲಿಲ್ಲ. ಭಾವನ ಕೈ ಹಿಡಿಕೆಯ ಮೇಲಿದೆ, ಇರುವ ತನಕ ಭಯವಿಲ್ಲ ಎಂದು ಧೈರ್ಯ ತಂದುಕೊಂಡು ಅಡಿಗೆ ಹೋದ. ಕತ್ತೆತ್ತಿ ಬೇಗಬೇಗ ಒಂದು ತೂತು ಬಿಡಿಸಿದ, ಇನ್ನೊಂದು ಬಿಡಿಸಿದ. ಕಾಳು ಮುಖದ ಮೇಲೆ ಉದುರಿತು.

ಭಾವ ಬೋಟಿನಲ್ಲಿ ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಯಾವುದೆಂದು ಕಮಲಾಕ್ಷ ಒಂದು ದಿನವೂ ಕೇಳಿರಲಿಲ್ಲ. ಭಾವ ವಿಂಚಿನವನಾಗಿದ್ದ. ಮೀನು ತುಂಬಿದ ಬಲೆ ಮೇಲೆ ತೂಗುತ್ತಿರುವಾಗ, ಲಾಕ್ ಬಿದ್ದಿದೆ, ಇನ್ನು ಹೆದರಬೇಡಿ ಎಂದು ಕೆಳಗಿನವರಿಗೆ ತಿಳಿಸಲು ಅವರ ಬೋಟಿನಲ್ಲಿ ವಿಂಚಿನವನು ಹಿಡಿಕೆ ಬಿಟ್ಟು ಎರಡೂ ಕೈ ಮೇಲೆತ್ತುವ ರೂಢಿಯಿತ್ತು. ಕಮಲಾಕ್ಷ ಕಣ್ಣಿಗೆ ಬಿದ್ದ ಹುಡಿ ಒರೆಸಿಕೊಂಡು ತಿರುಗಿದಾಗ ಗೋವರ್ಧನ ನಗುತ್ತಾ ಎರಡೂ ಕೈ ಎತ್ತಿ ನಿಂತಿದ್ದ. ಯಾವಾಗ ಎತ್ತಿದ್ದನೋ, ಎಣಿಕೆಯನ್ನು ಎಷ್ಟರಿಂದ ಶುರುಮಾಡಬೇಕೋ ಕಮಲಾಕ್ಷನಿಗೆ ತಿಳಿಯಲಿಲ್ಲ.