ಇಳಿಯದ ಎಡಗಾಲಿ

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮಿರಜಿನ ಗ್ರಾಮೀಣ ಠಾಣೆಗೆ ಬಂದ ದುಂಡವ್ವ, ಎಷ್ಟು ಹೇಳಿದರೂ ಬೆಂಚಿನ ಮೇಲೆ ಕೂರಲಿಲ್ಲ. ನೀರು ಕೊಟ್ಟರೆ ಲೋಟ ಸರಿಸಿದಳು.

“ನನ್ನ ಪೋರಿ ವಿಮಾನದ ಗಾಲಿ ಯಾರೋ ಕೆಡಿಸ್ಯಾರ್ರಿ. ಕೆಡಿಸಿದವರ ಕೈಗೆ ಬೇಡಿ ಬೀಳೂ ತನಕಾ ನಾ ನೀರ ಮುಟ್ಟಂಗಿಲ್ಲ.”

ಇನ್ಸ್‌ಪೆಕ್ಟರ್ ಜಯಪಾಲನಿಗೆ ವಿಷಯ ಗೊತ್ತಿತ್ತು. ಖಂಡೇರಾಜುರಿ ಆಚೆಯ ವಿಮಾನ ತರಬೇತಿ ಶಾಲೆಯಲ್ಲಿ ಅವಳ ಮಗಳು ಭಾಗ್ಯಾ, ಗಾಲಿ ಮಡಚಿಕೊಳ್ಳುವ ಪುಟ್ಟ ವಿಮಾನದಲ್ಲಿ ಹಿಂದಿನ ದಿನ ಮೊದಲ ಸಲ ಒಬ್ಬಳೇ ಹಾರಿದ್ದಳು. ಇಳಿಯುವ ಹೊತ್ತಿಗೆ ಎಡಗಾಲಿ ಕೆಳಗೆ ಬರಲಿಲ್ಲ. ಇಂಧನ ತಳ ಕಾಣುವವರೆಗೆ ಊರ ಮೇಲೆ ಸುತ್ತಿ ಸುತ್ತಿ, ಕೊನೆಗೆ ಉಳಿದ ಗಾಲಿಗಳನ್ನೇ ನಂಬಿ ಇಳಿಸಿದಳು. ಎಡರೆಕ್ಕೆ ನೆಲಕ್ಕೆ ಬಡಿದು ವಿಮಾನ ಗಿರ್ರನೆ ತಿರುಗಿ ಕಾಲುವೆಗೆ ಬಿತ್ತು. ಆಸ್ಪತ್ರೆ ಸೇರಿದ ಹುಡುಗಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಕುರಿ ಮೇಯಿಸಿ ಬದುಕುವ ಈ ವಿಧವೆಗೆ ಇದ್ದ ಜೀವ ಅದೊಂದೇ.

“ಯಾರ ಮ್ಯಾಲ ಸಂಶಯ, ಮಾವಶಿ?”

“ಮೆಕ್ಯಾನಿಕ್ ರಾಜಕುಮಾರ. ಕುರಿ ಕಾಯೋರಿಗೆ ವಿಮಾನ ಯಾಕ ಬೇಕಂತ ಆಕಿ ಕೂಡ ಜಗಳಾ ತಗದಿದ್ದ.”

ಎಫ್‌ಐಆರ್ ದಾಖಲಾಯಿತು. ಶಾಲೆಯ ನಿರ್ದೇಶಕರು ‘ತಾಂತ್ರಿಕ ಕಾರಣ’ ಎಂಬ ಎರಡೇ ಶಬ್ದ ಬಾಯಿಪಾಠ ಮಾಡಿಕೊಂಡು ಕೂತಿದ್ದರು. ಊರಿನವರು ರಾಜಕುಮಾರನ ಅಂಗಿ ಹರಿದಿದ್ದರು. ಪೊಲೀಸ್ ಜೀಪು ಹತ್ತಿದ್ದೇ ಅವನಿಗೆ ಪುಣ್ಯವಾಯಿತು.

“ಜಗಳಾಡಿದ್ದಿ?”

“ಖರೆ ಐತ್ರಿ.”

“ಗಾಲಿಗೆ ಏನ ಮಾಡಿದಿ?”

“ಏನೂ ಮಾಡಿಲ್ರಿ. ನಿನ್ನಿ ಮುಂಜಾನೆ ನಾ ತಪಾಸ ಮಾಡಿದ್ನಿ. ಆಮ್ಯಾಲ ಭಾಗ್ಯಾನೂ ಬಗ್ಗಿ ನೋಡಿದ್ಳು. ಫೋಟೊ ಹೊಡಿಸ್ಕೊಂಡ ಹಾರಿದ್ಳು. ನನಗೂ ಸಣ್ಣ ಮಕ್ಳ ಅದಾವ್ರಿ ಸಾಹೇಬ್ರ...”

ಅವನು ಅಳತೊಡಗಿದ. ಆದರೆ ಅಳು ಸಾಕ್ಷಿಯಲ್ಲ. ರಾಜಕುಮಾರ ಲಾಕಪ್ಪಿಗೆ ಹೋದ.

ಮಧ್ಯಾಹ್ನ ವಿಮಾನ ಅಪಘಾತ ತನಿಖೆಯ ಅಧಿಕಾರಿ ಹಾಗೂ ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಕ್ರೇನು ವಿಮಾನವನ್ನು ಕಾಲುವೆಯಿಂದ ಎತ್ತಿತು. ಮಡಚಿದ ಗಾಲಿಯ ಕಾಲನ್ನು ಹೊಟ್ಟೆಯೊಳಗೆ ಹಿಡಿದಿಡುವ ಒಂದು ಉಕ್ಕಿನ ಕೊಕ್ಕೆ ಇರುತ್ತದೆ; ಇಳಿಸುವಾಗ ಅದು ಬಿಟ್ಟುಕೊಡಬೇಕು. ಆ ಕೊಕ್ಕೆಯ ಸಂದಿನಲ್ಲಿ ಏನೋ ಹಳದಿಯಾದದ್ದು ಬೆಣೆಯಂತೆ ಸಿಕ್ಕಿಕೊಂಡಿತ್ತು. ಅಧಿಕಾರಿ ಇಕ್ಕಳದಿಂದ ಕಿತ್ತು ತೆಗೆದರು. ಒಣಗಿ ಕಲ್ಲಾದ ಅರಿಶಿನ ಕೊಂಬು, ಅರ್ಧ ಜಜ್ಜಿಹೋಗಿತ್ತು. ಅದಕ್ಕೆ ಕರಿದಾರ ಸುತ್ತಿತ್ತು.

ಕಾನ್‌ಸ್ಟೆಬಲ್ ಅಮೋಘಸಿದ್ಧ ಬಗ್ಗಿ ದಾರವನ್ನೇ ದಿಟ್ಟಿಸಿದ. ಅವನೂ ಕುರಿಗಾರರ ಮನೆಯವನೇ.

“ಹೇಳೋ,” ಎಂದ ಜಯಪಾಲ.

“ಉಣ್ಣಿ ದಾರರಿ. ಮನ್ಯಾಗ ನೂಲಿದ್ದು. ಹಿಂಡ ದೂರ ಹೊಂಟ್ರ, ಕೇಡ ತಟ್ಟಬಾರ್ದಂತ ಮುಂದಿನ ಕುರಿ ಕಾಲಿಗೆ ನಮ್ಮ ಮಂದಿ ಹಿಂಗ ಕಟ್ಟತಾರ್ರಿ.”

ರಾಜಕುಮಾರ, ಭಾಗ್ಯಾ ಇಬ್ಬರೂ ಬಗ್ಗಿ ನೋಡಿದ ಮೇಲೆ ವಿಮಾನದ ಹತ್ತಿರ ಹೋದವರು ಯಾರು? ಭಾಗ್ಯಾಳ ಜೊತೆ ಕಲಿಯುವ ಕೇತನ, ಅವಳು ಹಾರುವ ಮುಂಚೆ ಫೋಟೊ ತೆಗೆದಿದ್ದ ತನ್ನ ಮೊಬೈಲು ಕೊಟ್ಟ. ಒಂದು ಫೋಟೊದಲ್ಲಿ ಭಾಗ್ಯಾ ಬಾಗಿಲಿಗೆ ಒರಗಿ ನಗುತ್ತಿದ್ದಳು. ಹಿಂದುಗಡೆ, ರೆಕ್ಕೆಯ ಕೆಳಗೆ, ತಲೆಯ ಮೇಲೆ ಸೆರಗು ಹೊದ್ದ ದುಂಡವ್ವ ಬಗ್ಗಿದ್ದಳು. ಎರಡೂ ಕೈ ಎಡಗಾಲಿಯ ಕಾಲಿನ ಮೇಲಿದ್ದವು.

ಜಯಪಾಲನ ಹೆಬ್ಬೆರಳು ಪರದೆಯ ಮೇಲೆ ನಿಂತಿತು. ಈ ಒಂದು ಫೋಟೊ ಅಳಿಸಿಬಿಟ್ಟರೆ? ಹಾಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಭಯವಾಯಿತು. ಲಾಕಪ್ಪಿನಲ್ಲಿ ನಿರಪರಾಧಿಯೊಬ್ಬ ಕೂತಿದ್ದಾನೆ. ಮಗಳನ್ನು ಸಾವಿನ ಬಾಯಿಗೆ ದೂಡಿದವರು ಯಾರೆಂದು ಆ ತಾಯಿಗೆ ಹೇಳಬೇಕಾದವನು ತಾನೇ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಕೆಟ್ಟ ಕೆಲಸ ಅವನ ಪಾಲಿಗೆ ಬಂದಿರಲಿಲ್ಲ.

ಸಂಜೆ ಐದಕ್ಕೆ ಮಹಿಳಾ ಪೇದೆ ಹರ್ಷದಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ದುಂಡವ್ವ ಐಸಿಯು ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದಳು. ಇನ್ನೂ ನೀರು ಮುಟ್ಟಿರಲಿಲ್ಲ, ತುಟಿ ಒಡೆದಿದ್ದವು.

“ಒಪ್ಕೊಂಡನೇನ್ರಿ ಆಂವ?”

ಜಯಪಾಲ ಅರಿಶಿನ ಕೊಂಬಿದ್ದ ಪ್ಲಾಸ್ಟಿಕ್ ಚೀಲವನ್ನು ಮುಂದೆ ಹಿಡಿದ.

“ಇದು ನಂದರಿ!” ಅವಳ ಮುಖ ಅರಳಿತು. “ಬೀರಪ್ಪ ದ್ಯಾವರ ಮುಂದ ಇಟ್ಟ ತಂದಿದ್ನಿ. ಪೋರಿ ಬೈತಾಳಂತ ಕಾಣದಂಗ ಮ್ಯಾಲ ಕಟ್ಟಿದ್ನಿ. ನೋಡ್ರಿ, ಜಜ್ಜಿ ಹೋಗೈತಿ. ಆಕಿ ಮ್ಯಾಲ ಬಂದದ್ದ ಇದು ತನ್ನ ಮ್ಯಾಲ ತಗೊಂಡೈತಿ. ನನ್ನ ಮಗಳು ಉಳೀತಾಳ್ರಿ!”

ಜಯಪಾಲ ಅವಳೆದುರು ಕುಕ್ಕರುಗಾಲಿನಲ್ಲಿ ಕೂತ.

“ಮಾವಶಿ, ಗಾಲಿ ಮ್ಯಾಲ ಹೋದಾಗ ಇದು ಕೊಕ್ಕಿಯೊಳಗ ಸಿಕ್ಕೊಂಡಿತ್ತು. ಅದಕ್ಕ ತಿರುಗಿ ಇಳೀಲಿಲ್ಲ.”

ಅವಳು ಚೀಲ ನೋಡಿದಳು, ಬಾಗಿಲು ನೋಡಿದಳು. ಅಳುತ್ತಾಳೆಂದು ಹರ್ಷದಾ ಹತ್ತಿರ ಹೋದಳು. ದುಂಡವ್ವ ಅಳಲಿಲ್ಲ.

“ಆ ಹುಡಗನ್ನ ಬಿಡ್ರಿ. ಅವನ ಹೆಂಡತಿ ದಾರಿ ಕಾಯ್ತಿರತಾಳ.” ಎರಡೂ ಕೈ ಮುಂದೆ ಚಾಚಿದಳು. “ಬೇಡಿ ಹಾಕ್ರಿ.”

ಬೇಡಿ ಹಾಕಲಿಲ್ಲ. ದುಡುಕಿನಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125ರ ಪ್ರಕಾರ ಬಂಧನವೆಂದು ಓದಿ ಹೇಳಿ, ಹರ್ಷದಾಳನ್ನು ಪಕ್ಕದಲ್ಲಿ ಕೂರಿಸಿದ. ರಾಜಕುಮಾರನನ್ನು ಬಿಡಲು ಠಾಣೆಗೆ ಫೋನು ಮಾಡಿದ. ಕಾನೂನು ಕೇಳುವ ಪ್ರಶ್ನೆ ಇನ್ನೊಂದಿತ್ತು.

“ಯಾಕ ಕಟ್ಟಿದ್ರಿ?”

“ಒಬ್ಬಾಕಿನ ಹೊಂಟಿದ್ಳರಿ. ನೆಲದ ಮ್ಯಾಲ ಆಗಿದ್ರ ನಾನ ಹಿಂದಿಂದ ಹೋಗ್ತಿದ್ನಿ.”

ಜಯಪಾಲ ಅದನ್ನೇ ಬರೆದುಕೊಂಡ.

ಬಾಗಿಲು ತೆರೆದು ನರ್ಸು ಹೊರಬಂದಳು. “ಭಾಗ್ಯಾ ಕಣ್ಣ ಬಿಟ್ಟಾಳ್ರಿ. ಅವ್ವ ಎಲ್ಲಿ ಅಂತ ಕೇಳಾಕತ್ತಾಳ.”

ದುಂಡವ್ವ ಗಡಬಡಿಸಿ ಎದ್ದಳು. ಎರಡು ಹೆಜ್ಜೆ ಹೋಗಿ, ನಿಂತು, ಇನ್ಸ್‌ಪೆಕ್ಟರನ ಕಡೆ ತಿರುಗಿದಳು.

“ಹೋಗ್ಲೇನ್ರಿ, ಸಾಹೇಬ್ರ?”