ಶಲ್ಯದ ಅಡಿಯ ಪಾದ

ಬಂಡೆಗಳಿಗೂ ಕಿವಿಯಿದ್ದ ಕಾಲದಲ್ಲಿ ಕೆಂಬರೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೆಟ್ಟ ಕೊರೆದು ಮಾಡಿದ ಹಳೆಯ ಬುದ್ಧವಿಹಾರ. ತೀರಿಹೋದ ಒಬ್ಬೊಬ್ಬ ಅರಸನೂ ಅಲ್ಲಿ ಕಲ್ಲಿನ ಮೂರ್ತಿಯಾಗಿ, ಶಲ್ಯ ಹೊದ್ದು, ಬುದ್ಧನ ಮುಂದೆ ಕಾಲು ಮಡಚಿ ಕೂತಿದ್ದ. ಪಟ್ಟಕ್ಕೇರುವವನು ಮೊದಲು ಅವರೆದುರು ಕೈಮುಗಿದು ಬರಬೇಕು.

ಹಾಗೆ ಹೋದ ರಾಜಕುಮಾರ ಬೋಧಿಗುತ್ತ ಹೊತ್ತು ಇಳಿದರೂ ಬರಲಿಲ್ಲ. ಅಕ್ಕ ನಾಗಸಿರಿಗೆ ಮನಸ್ಸು ನಿಲ್ಲಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ ತಾನೆ? ಎದ್ದವಳೇ ಓಡಿದಳು.

ವಿಹಾರದ ಬಾಗಿಲಲ್ಲಿ ಮಾಂತ್ರಿಕ ಧೂಮಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸಿಂಹಾಸನದ ಮೇಲೆ ಕಣ್ಣು ಆ ಪಾಪಿಗೆ. ನಿನ್ನ ತಮ್ಮನನ್ನು ಕಲ್ಲು ಮಾಡಿ ಅರಸರ ಸಾಲಿನಲ್ಲೇ ಕೂರಿಸಿದ್ದೇನೆ, ಎಲ್ಲರಿಗೂ ಅವನ ಮುಖವನ್ನೇ ಕೊಟ್ಟಿದ್ದೇನೆ ಅಂದ. ಮಂತ್ರದ ಕಟ್ಟಳೆಯೇ ಹಾಗಿದ್ದುದರಿಂದ ಬಿಡುಗಡೆಯ ದಾರಿಯನ್ನೂ ಹೇಳದೆ ಅವನಿಗೆ ವಿಧಿಯಿರಲಿಲ್ಲ.

"ಬುದ್ಧನ ಮುಂದಿನ ದೀಪ ಆರುವುದರೊಳಗೆ ಅವನನ್ನು ಮುಟ್ಟು. ಮೂರೇ ಸಲ. ತಪ್ಪಿದರೆ ನೀನೂ ಕಲ್ಲು."

ದೀಪದಲ್ಲಿ ಎಣ್ಣೆ ತಳ ಕಂಡಿತ್ತು. ನಾಗಸಿರಿ ಒಳಗೆ ನುಗ್ಗಿದಳು. ಒಂದು ಮೂರ್ತಿಯ ಕೊರಳಲ್ಲಿ ತಮ್ಮನ ಸರದಂಥದೇ ಸರ ಕಂಡು ಮುಟ್ಟಿದಳು. ಬಲಗೈ ಕಲ್ಲಾಯಿತು. ಇನ್ನೊಂದರ ಕೆನ್ನೆ ಒದ್ದೆಯಾಗಿತ್ತು. ಅಳುತ್ತಿದ್ದಾನೆ ಅಂದುಕೊಂಡು ಮುಟ್ಟಿದಳು. ಅಯ್ಯೋ, ಅದು ಬಂಡೆಯಿಂದ ಜಿನುಗಿದ ನೀರು. ಎಡಗೈಯೂ ಕಲ್ಲಾಯಿತು.

ದೀಪ ಹೊಯ್ದಾಡತೊಡಗಿತು. ಬುದ್ಧನಿಗೆ ಕೈಮುಗಿಯೋಣವೆಂದರೆ ಕೈ ಏಳಲೊಲ್ಲದು. ಹಣೆಯನ್ನೇ ನೆಲಕ್ಕಿಟ್ಟು ಅತ್ತಳು. ಹಾಗೆ ಬಿದ್ದಲ್ಲಿಂದ ಅರಸರ ಪಾದಗಳು ಕಂಡವು. ಬುದ್ಧನ ಕಡೆಗೆ ಅಂಗಾಲು ತೋರುವವರುಂಟೆ? ಶಿಲ್ಪಿಗಳೂ ಹಾಗೆ ಕಡೆಯುವುದಿಲ್ಲ. ಎಲ್ಲ ಪಾದಗಳೂ ಹಿಂದಕ್ಕೆ ಮಡಚಿದ್ದವು. ಒಂದು ಮಾತ್ರ ಶಲ್ಯದ ಅಡಿಯಲ್ಲಿ ಮುಂದಕ್ಕೆ ಚಾಚಿತ್ತು.

ಕುದುರೆಯಿಂದ ಬಿದ್ದಂದಿನಿಂದ ಬೋಧಿಗುತ್ತನ ಎಡಗಾಲು ಮಡಚುತ್ತಿರಲಿಲ್ಲ. ವಿಹಾರಕ್ಕೆ ಬಂದಾಗಲೆಲ್ಲ ನಾಚಿಕೊಂಡು ಅದರ ಮೇಲೆ ಶಲ್ಯ ಮುಚ್ಚಿ ಕೂರುತ್ತಿದ್ದ. ಧೂಮಕನಿಗೆ ಮುಖ ಬದಲಿಸುವುದು ಗೊತ್ತಿತ್ತು, ಬುದ್ಧನ ಮುಂದೆ ಕೂರುವ ರೀತಿ ಎಲ್ಲಿ ಗೊತ್ತು?

ನಾಗಸಿರಿ ತೆವಳಿಕೊಂಡೇ ಹೋಗಿ ಆ ಪಾದಕ್ಕೆ ಹಣೆ ಮುಟ್ಟಿಸಿದಳು. ಅಷ್ಟರಲ್ಲಿ ದೀಪ ಆರಿತು. ಮುಟ್ಟಿದ್ದು ಮೊದಲೋ, ಆರಿದ್ದು ಮೊದಲೋ ಅವಳಿಗೇ ತಿಳಿಯಲಿಲ್ಲ. ಕತ್ತಲಲ್ಲಿ ಪಾದ ಮೆಲ್ಲಗೆ ಬೆಚ್ಚಗಾಯಿತು.

"ಅಕ್ಕಾ, ನೀನು ನನ್ನ ಕಾಲಿಗೆ ಬೀಳೋದೇ? ಏಳು, ನನಗೆ ಪಾಪ ಬರುತ್ತೆ."

"ಸುಮ್ಮನಿರೋ," ಅಂದಳು. ಅವಳ ಕೈಗಳಿಗೂ ಜೀವ ಬಂದಿತ್ತು. ಆ ಕಾಲನ್ನು ತಬ್ಬಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ.

ಮಂತ್ರ ತಿರುಗಿ ಧೂಮಕನಿಗೇ ತಾಗಿ, ಅವನು ಬಾಗಿಲಲ್ಲೇ ಕಲ್ಲಾದ. ಬೋಧಿಗುತ್ತ ಪಟ್ಟಕ್ಕೇರಿದ. ಕೆಂಬರೆಯ ಜನ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗಿದರು. ಅರಸ ಮಾತ್ರ ಮುಂದೆಂದೂ ವಿಹಾರದಲ್ಲಿ ಆ ಕಾಲಿಗೆ ಶಲ್ಯ ಮುಚ್ಚಲಿಲ್ಲ. ಬುದ್ಧನೂ ಬೇಜಾರು ಮಾಡಿಕೊಳ್ಳಲಿಲ್ಲ.