ಇಲ್ಲದ ಕಾವಲುಗಾರ

ಸುತ್ತಿಗೆಯ ಒಂದೇ ಏಟಿಗೆ ಅರಗಿನ ಮುದ್ರೆ ಒಡೆಯಿತು. ಬೀಗ ತೆಗೆದ ಅಧಿಕಾರಿ ಬಾಗಿಲನ್ನು ಒಳಕ್ಕೆ ತಳ್ಳಿದರು. ಅದು ಅರ್ಧಕ್ಕೇ ನಿಂತಿತು. ಒಳಗೆ ಏನೋ ಅಡ್ಡ ಬಿದ್ದಿತ್ತು.

"ಮೂಟೆಗೀಟೆ ಇರ್ಬೇಕು ಸಾ, ಜೋರಾಗಿ ತಳ್ಳಿ," ಎಂದರು ಗುಂಪಿನಲ್ಲಿ ಯಾರೋ.

ಅವರು ಭುಜ ಕೊಟ್ಟು ತಳ್ಳಿದರು. ಸಂದಿಯಿಂದ ಒಂದು ಕೈ ಜಾರಿ ಹೊಸ್ತಿಲ ಮೇಲೆ ಬಿತ್ತು.

ಅದರ ಹಿಂದೆಯೇ ವಾಸನೆ ಬಂತು. ಬೀದಿಗೆ ಬೀದಿಯೇ ಹಿಂದಕ್ಕೆ ಸರಿಯಿತು. ಬಂದೋಬಸ್ತಿಗೆಂದು ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಅರುಂಧತಿ ಮಾತ್ರ ಮುಂದೆ ಹೋದಳು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಇಣುಕಿದಳು.

ಗಂಡಸು. ಬಾಗಿಲಿಗೆ ತಲೆ ಆನಿಸಿಕೊಂಡು ಬಿದ್ದಿದ್ದ. ಅವನ ಗುರುತು ಇಡೀ ಬೀದಿಗೆ ಇತ್ತು. ಈ ಮನೆಗೆ ಬೀಗ ಜಡಿದು ಮುದ್ರೆ ಒತ್ತಿದವನೇ ಅವನು. ವಸೂಲಿ ಏಜೆಂಟ್ ಸಿದ್ದರಾಮು.

"ಬೀಗ ಹಾಕಿದ್ದೋನೇ ಒಳಗೆ," ಎಂದ ಹೆಡ್ ಕಾನ್‌ಸ್ಟೇಬಲ್ ಹೊನ್ನಯ್ಯ. "ಬೀಗ ಆಚೆಗೆ. ಇದೆಂಗಾಯ್ತದೆ ಮೇಡಂ?"

\* \* \*

ಮನೆ ಮಂಚಮ್ಮನದು. ಮಳವಳ್ಳಿಯ ಅಂಚಿನ ಬೀದಿಯಲ್ಲಿ ಕೊನೆಯದು. ಅದರಾಚೆಗೆ ಕಬ್ಬಿನ ಗದ್ದೆ. ಅವಳ ಗಂಡ ಮಹದೇವಯ್ಯ ಕಾಯಿಲೆ ಬಿದ್ದ ಮೇಲೆ ಮನೆ ಕಂದಾಯ ಬಾಕಿ ಉಳಿದಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಕಟ್ಟಲು ಹೋದಳು. ಆಗ ಗೊತ್ತಾಯಿತು, ಬಾಕಿಗಿಂತ ಅದರ ಮೇಲಿನ ಖರ್ಚೇ ದೊಡ್ಡದಾಗಿ ಬೆಳೆದಿದೆ ಎಂದು. ಮನೆ ಬಾಗಿಲಿಗೆ ಬಂದ ಖರ್ಚು, ಜಪ್ತಿಯ ಖರ್ಚು, ಕಾವಲಿನ ಖರ್ಚು.

ಮದ್ದೂರು, ಮಳವಳ್ಳಿ ಎರಡೂ ಕಡೆ ಬಾಕಿ ವಸೂಲಿಯ ಗುತ್ತಿಗೆ ಹಿಡಿದಿದ್ದವನು ಜಯಪ್ರಕಾಶ್. ಸಿದ್ದರಾಮು ಅವನ ಆಳು.

"ಕಂದಾಯ ಕಟ್ತೀನಿ. ನೀವು ಬಾರದೆ ಇದ್ದುದ್ಕೆಲ್ಲ ಖರ್ಚು ಕೊಡಾಕಿಲ್ಲ," ಎಂದಿದ್ದಳು ಮಂಚಮ್ಮ. ಅವರು ಮನೆಗೆ ಬೀಗಮುದ್ರೆ ಹಾಕಿದರು. ಅವಳು ಸೋಮನಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವ ತಮ್ಮ ಕೆಂಪರಾಜುವಿನ ಮನೆ ಸೇರಿದಳು. ಅಲ್ಲಿಂದಲೇ ಮಂಡ್ಯಕ್ಕೆ ಬಸ್ಸು ಹತ್ತಿ, ಮೇಲಧಿಕಾರಿಗಳ ಮುಂದೆ ಮನವಿ ಇಟ್ಟಳು. ಗೆದ್ದಳು. ಖರ್ಚು ವಜಾ, ಮನೆ ತೆರೆದುಕೊಡಿ ಎಂದು ಆದೇಶವಾಯಿತು.

ಇವತ್ತು ತೆರೆದದ್ದು ಹೀಗೆ.

\* \* \*

ಒಳಗೆ ಮಬ್ಬು. ಕಿಟಕಿಗಳಿಗೆ ಜಪ್ತಿಯ ದಿನವೇ ಹಲಗೆ ಹೊಡೆಸಿದ್ದರು. ಹಿಂಬಾಗಿಲಿಗೂ ಅಡ್ಡಪಟ್ಟಿ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಮಹದೇವಯ್ಯನ ಫೋಟೋ. ಅದರ ಗಾಜಿನ ಮೇಲೆ ಯಾರದೋ ಬೆರಳು ಎಳೆದ ಗುರುತು. ಅಡುಗೆಮನೆಯ ಮಡಕೆಗಳೆಲ್ಲ ಬೋರಲು ಬಿದ್ದಿದ್ದವು. ಒಂದರಲ್ಲೂ ಹನಿ ಇರಲಿಲ್ಲ.

ಹೆಣದ ತಲೆಯ ಹಿಂಬದಿಯಲ್ಲಿ ಗಾಯ. ಅಂಗೈಯ ಚರ್ಮ ಕಿತ್ತುಹೋಗಿತ್ತು. ಪಕ್ಕದಲ್ಲಿ ಒನಕೆ. ಪ್ಯಾಂಟಿನ ಜೇಬಿನಲ್ಲಿ ಹಿತ್ತಾಳೆಯ ಮುದ್ರೆ. ಫೋನ್ ಇರಲಿಲ್ಲ.

"ಮೇಡಂ, ಮೇಲ್ನೋಡಿ," ಎಂದ ಹೊನ್ನಯ್ಯ. ಸೂರಿನಲ್ಲಿ ಒಂದು ಹೆಂಚು ಇರಲಿಲ್ಲ. ಬೆಳಕಿನ ಕೋಲು ನೇರ ಹೆಣದ ಕಾಲ ಬಳಿ ಬಿದ್ದಿತ್ತು. "ಇಲ್ಲಿಂದ್ಲೇ ಇಳ್ದವ್ನೆ. ಇದು ಕೆಂಪರಾಜು ಕೆಲ್ಸ. ಮದ್ದೂರು ಬಸ್‌ಸ್ಟಾಂಡಲ್ಲಿ ಇವ್ನ ಕೊಳಪಟ್ಟಿ ಹಿಡ್ಕಂಡು, 'ಅದೇ ಮನೇಲಿ ನಿನ್ನೂ ಕೂಡಾಕ್ತೀನಿ ಕಣ್ಲಾ' ಅಂದಿದ್ನಂತೆ. ನೂರು ಜನ ಕೇಳವ್ರೆ."

ಕೆಂಪರಾಜು ಹೊರಗೇ ಇದ್ದ.

"ಅಂದಿದ್ದು ನಿಜ," ಎಂದ. "ಕ್ವಾಪದಲ್ಲಿ ಅಂದೆ. ಇಂಗೆ ಮಾಡ್ಲಿಲ್ಲ ಮೇಡಂ. ಅವ್ನೇ ಆಮೇಲೆ ನಮ್ಮಟ್ಟಿಗೆ ಬಂದಿದ್ದ."

"ಯಾಕೆ?"

"ಮದ್ದೂರಲ್ಲಿ ಅವ್ನ ಅತ್ತೆ ಮನೇಗೂ ಇದೇ ಥರ ಖರ್ಚು ಜಡ್ದವ್ರೆ. ಅವ್ನ ಹೆಂಡ್ತಿ ವನಜಾ ಊಟಾನೇ ಬುಟ್ಟು ಅತ್ಲಂತೆ. ಮಂಡ್ಯದಲ್ಲಿ ವಿಚಾರಣೆ ದಿನ ಬಂದು ನಿಜ ಹೇಳ್ತೀನಿ ಅಂದ. ಬರ್ಲೇ ಇಲ್ಲ. ಕೈ ಕೊಟ್ಟ ಅನ್ಕಂಡ್ವಿ."

ಅರುಂಧತಿ ಏಣಿ ತರಿಸಿ ಸೂರಿಗೆ ಹತ್ತಿದಳು. ಹೆಂಚಿನ ಚೂರುಗಳೆಲ್ಲ ಹೊರಗೆ, ಇಳಿಜಾರಿನಲ್ಲಿ ಚೆಲ್ಲಿದ್ದವು. ತೂತಿನ ಅಡಿಯಲ್ಲೇ ಹೆಂಚು ಹೊರುವ ಗಟ್ಟಿ ಮರದ ರೀಪರು ಹಾಯ್ದಿತ್ತು. ಅದಕ್ಕೂ ಒನಕೆಯ ಏಟಿನ ಗುರುತು. ಆ ಸಂದಿಯಲ್ಲಿ ಬೆಕ್ಕು ನುಸುಳಬಹುದು, ಮನುಷ್ಯ ನುಸುಳಲಾರ.

"ಹೊನ್ನಯ್ಯ, ಯಾರೂ ಇಳಿದಿಲ್ಲ," ಎಂದಳು. "ಒಬ್ಬ ಹತ್ತೋಕೆ ನೋಡಿದಾನೆ. ಒಳಗಿನಿಂದ."

ಹೊನ್ನಯ್ಯ ಒನಕೆಯನ್ನೂ ಹೆಣದ ಅಂಗೈಯನ್ನೂ ನೋಡಿದ. ಮೆಲ್ಲಗೆ ಟೋಪಿ ತೆಗೆದ.

\* \* \*

ಹೊಸ್ತಿಲಾಚೆ, ಬಾಗಿಲ ಪಕ್ಕದಲ್ಲಿ ಅರುಂಧತಿ ಬಂದಾಗಲೇ ಗಮನಿಸಿದ್ದ ಕೆಲವು ವಸ್ತುಗಳಿದ್ದವು. ಒಣಗಿದ ನಿಂಬೆಹಣ್ಣು. ಊದುಬತ್ತಿಯ ಬೂದಿ. ಒಂದು ಚೊಂಬು ತುಂಬ ನೀರು.

"ಯಾರು ಇಟ್ಟದ್ದು?"

ಎದುರು ಮನೆಯ ಪಟ್ಟಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟಳು. ಅರುಂಧತಿ ಅವಳ ಜಗಲಿಯ ಮೇಲೆ ಹೋಗಿ ಕುಳಿತಳು.

"ಹೇಳಿ ಅವ್ವ. ನಾನು ಬಯ್ಯೋಲ್ಲ."

"ಮಾದೇವಯ್ಯ ಬಂದಿದ್ದ ಕಣಮ್ಮ," ಎಂದಳು ಮುದುಕಿ. "ಮನೆಗೆ ಬೀಗ ಜಡ್ದವ್ರೆ ಅಂತ ಗಾಳಿಯಾಗಿ ಬಂದಿದ್ದ. ದಬ್, ದಬ್ ಅಂತ ಒಳಗೆಲ್ಲ ಬಡ್ಕಂಡು ತಿರುಗ್ತಿದ್ದ. ಒಂದಿನ ಅಲ್ಲ. ಎಲ್ಲಾರೂ ಕೇಳವ್ರೆ. ಐಕ್ಳ ಆಚೆಗೆ ಬುಡ್ತಿರ್ಲಿಲ್ಲ ಯಾರೂವೆ."

"ಮಾತು ಕೇಳಿಸ್ತಾ?"

ಪಟ್ಟಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನೀರು ಅಂತಿದ್ದ. ಮಾದೇವಯ್ಯ ಸಾಯೋವಾಗ್ಲೂ ನೀರು ನೀರು ಅಂತ್ಲೇ ಸತ್ತಿದ್ದು. ಅದ್ಕೇ ಬಾಗ್ಲಲ್ಲಿ ಒಂದು ಚೊಂಬು ಮಡಗ್ದೆ. ಮಡಗಿ ತಿರುಗಿ ನೋಡ್ದೆ ಓಡಿ ಬಂದೆ. ಆಮೇಲೆ ಸದ್ದು ನಿಂತೋಯ್ತು. ಕುಡ್ದು ಓದ ಅನ್ಕಂಡೆ."

ಅರುಂಧತಿ ತಿರುಗಿ ಆ ಬಾಗಿಲನ್ನು ನೋಡಿದಳು. ಬಾಗಿಲ ಈಚೆಗೆ ನೀರು. ಆಚೆಗೆ ಸಿದ್ದರಾಮು. ನಡುವೆ ಒಂದು ಹಲಗೆ.

ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು. ಅರುಂಧತಿ ಮಾತು ತಿರುಗಿಸಿದಳು.

"ಮನೆಗೆ ಮುದ್ರೆ ಹಾಕಿದ ದಿನ ನೀವು ಇದ್ರಾ?"

"ಇದ್ದೆ. ಮಂಚಮ್ಮ ಎಂತಾ ಶಾಪ ಆಕುದ್ಲು ಅಂತೀಯ. ಅವ್ರು ಬಿಸಿ ಅರಗು ಸುರೀತಿದ್ರೆ, ಇವ್ಳು ಬೀದಿ ಮಣ್ಣ ಬಾಚಿ ತೂರುದ್ಲು. ನಿಮ್ಮ ಬಾಯ್ಗೆ ಮಣ್ಣು ಬೀಳ ಅಂತ. ಅರಗಿನ ತುಂಬ ಮಣ್ಣೇ ಮೆತ್ಕತು. ಸಿದ್ದರಾಮು ಅಂಗೇ ಅದ್ರ ಮೇಲೆ ಮುದ್ರೆ ಒತ್ತಿ ಓದ."

ಅರುಂಧತಿ ಎದ್ದು ನಿಂತಳು. ಬಾಗಿಲ ಬಳಿ ಬಿದ್ದಿದ್ದ ಅರಗಿನ ಚೂರುಗಳನ್ನು ಒಂದೊಂದಾಗಿ ಆಯ್ದು ಬಿಸಿಲಿಗೆ ಹಿಡಿದಳು. ಕೆಂಪಗೆ, ನುಣ್ಣಗೆ ಹೊಳೆದವು. ಒಂದು ಕಣ ಮಣ್ಣೂ ಇರಲಿಲ್ಲ.

\* \* \*

ಮದ್ದೂರಿನ ಕಚೇರಿಯಲ್ಲಿ ಜಯಪ್ರಕಾಶ್ ಎದ್ದು ನಿಂತು ಕುರ್ಚಿ ತೋರಿಸಿದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಗಂಧ. ಮೇಜಿನ ಮೇಲೆ, ಸಿದ್ದರಾಮುವಿನ ಜೇಬಿನಲ್ಲಿದ್ದಂಥದೇ ಹಿತ್ತಾಳೆಯ ಮುದ್ರೆ.

"ಪಾಪದ ಹುಡುಗ," ಎಂದ. "ಕೆಲಸ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ ಅಂತ ಮೆಸೇಜ್ ಹಾಕಿದ್ದ. ಆ ಕೆಂಪರಾಜು ಹೀಗೆ ಮಾಡ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ಕೆಂಪರಾಜು ಅಂತ ನಿಮಗೆ ಹೇಗೆ ಗೊತ್ತು?"

"ನಮ್ಮ ಕಾವಲುಗಾರ ನೋಡಿದಾನೆ. ಹಿಂದಿನಿಂದ ಸೂರು ಹತ್ತುತ್ತಿದ್ದನಂತೆ."

"ಒಳ್ಳೇದು. ಹಗಲೂ ರಾತ್ರಿ ಕಾವಲು ಇಟ್ಟಿದ್ವಿ ಅಂತ ಮಂಡ್ಯದಲ್ಲೂ ಹೇಳಿದ್ರಿ. ಅದಕ್ಕೇ ಅಷ್ಟು ಖರ್ಚು ಅಂದ್ರಿ. ಕಾವಲುಗಾರನ್ನ ಕರೀರಿ."

"ಪ್ರಸನ್ನ ಅಂತ. ಹೊರಗಿದಾನೆ."

ಪ್ರಸನ್ನ ಅದೇ ಕಚೇರಿಯ ಜೀಪಿನ ಡ್ರೈವರ್. ಒಳಗೆ ಬಂದವನು ಮೊದಲು ಯಜಮಾನನ ಮುಖ ನೋಡಿದ. ಆಮೇಲೆ ಅರುಂಧತಿಯ ಭುಜದ ನಕ್ಷತ್ರ ನೋಡಿದ.

"ಆ ಮನೆಯಲ್ಲಿ ಒಬ್ಬ ಮನುಷ್ಯ ಸತ್ತಿದಾನೆ ಪ್ರಸನ್ನ," ಎಂದಳು ಅವಳು. "ನೀನು ಬಾಗಿಲಲ್ಲಿ ಕಾವಲಿದ್ದೆ ಅಂತಾರೆ ಇವರು. ಇದ್ದದ್ದೇ ಆದ್ರೆ, ಅವನನ್ನ ಒಳಗೆ ಬಿಟ್ಟೋನೂ ನೀನೇ."

"ಅಯ್ಯೋ ನಾನಿರ್ಲಿಲ್ಲ ಮೇಡಂ!" ಪ್ರಸನ್ನ ಕೈಮುಗಿದ. "ಯಾರೂ ಇರ್ಲಿಲ್ಲ. ಯಾವ ಮನೆಗೂ ಕಾವ್ಲು ಇಕ್ಕಿಲ್ಲ ನಾವು. ಬರೀ ಹೆಸ್ರಿಗೆ ಬರ್ಕೋತಾರೆ."

ಜಯಪ್ರಕಾಶ್ ನಗಲು ನೋಡಿದ. "ಸರಿ, ಕಾವಲಿರಲಿಲ್ಲ. ದಂಡ ಹಾಕಿ, ಕಟ್ತೀನಿ. ಕೊಲೆಗೂ ಅದಕ್ಕೂ ಏನು ಸಂಬಂಧ?"

"ಬಾಗಿಲಿಗೆ ಎರಡು ಸಲ ಮುದ್ರೆ ಬಿದ್ದಿದೆ. ಮೊದಲನೇದರಲ್ಲಿ ಮಂಚಮ್ಮ ತೂರಿದ ಮಣ್ಣಿತ್ತು. ಇವತ್ತು ಒಡೆದದ್ದರಲ್ಲಿ ಇಲ್ಲ. ಸಿದ್ದರಾಮು ಒಳಗೆ ಹೋದ ಮೇಲೆ ಯಾರೋ ಹೊರಗೆ ನಿಂತು ಮತ್ತೆ ಅರಗು ಸುರಿದಿದಾರೆ. ಅವನ ಹತ್ತಿರದ ಮುದ್ರೆ ಅವನ ಜೇಬಲ್ಲೇ ಇತ್ತು, ಬೀಗದ ಒಳಗೆ. ಹಾಗಾದ್ರೆ ಹೊರಗೆ ಒತ್ತಿದ್ದು ಯಾವುದು? ಅದರ ಜೋಡಿ ಇರೋದು ಒಂದೇ ಕಡೆ, ನಿಮ್ಮ ಮೇಜಿನ ಮೇಲೆ. ಆದೇಶ ಆಗೋವರೆಗೂ ಬೀಗದಕೈ ಇದ್ದದ್ದೂ ನಿಮ್ಮ ಹತ್ತಿರವೇ."

ಜಯಪ್ರಕಾಶ್‌ನ ಕೈ ತನ್ನಷ್ಟಕ್ಕೇ ಮೇಜಿನ ಕಡೆ ಹೋಗಿ ನಿಂತಿತು.

"ಒಂದು ವಿಷಯ ಮಾತ್ರ ನಿಮಗೂ ಗೊತ್ತಿಲ್ಲ," ಎಂದಳು ಅರುಂಧತಿ. ದನಿ ಏರಿಸಲಿಲ್ಲ. "ನೀವು ಬೀಗ ಹಾಕಿ ಬಂದ ಮೇಲೆ ಅವನು ಎದ್ದ."

"ಏನು?"

"ಎದ್ದ. ಕತ್ತಲಲ್ಲಿ ಗೋಡೆ ತಡಕಿಕೊಂಡು ಓಡಾಡಿದ. ಒನಕೆ ತಗೊಂಡು ಹೆಂಚು ಗುದ್ದಿದ. ಬಾಗಿಲು ಬಡಿದ. ನೀರು ಕೇಳಿದ. ದಿನಗಟ್ಟಲೆ."

"ಸುಳ್ಳು!" ಜಯಪ್ರಕಾಶ್ ಕಿರುಚಿದ. "ಉಸಿರಿರಲಿಲ್ಲ ಅವನಿಗೆ. ಮೂಗಿನ ಹತ್ತಿರ ಕೈ ಇಟ್ಟು ನೋಡಿದೀನಿ ನಾನು..."

ಮಾತು ಅಲ್ಲಿಗೇ ನಿಂತಿತು. ಹೊನ್ನಯ್ಯ ಬಾಗಿಲಿಗೆ ಅಡ್ಡವಾಗಿ ನಿಂತ.

\* \* \*

ಉಳಿದದ್ದನ್ನು ಜಯಪ್ರಕಾಶ್ ತಾನೇ ಹೇಳಿದ. ವಿಚಾರಣೆಯಲ್ಲಿ ಸಿದ್ದರಾಮು ಬಾಯಿಬಿಟ್ಟರೆ ಗುತ್ತಿಗೆ ಹೋಗುತ್ತಿತ್ತು, ಎರಡೂ ತಾಲ್ಲೂಕಿನ ಜನ ತಿರುಗಿ ಬೀಳುತ್ತಿದ್ದರು. ಮನೆಯ ಸಾಮಾನು ಒಮ್ಮೆ ನೋಡಬೇಕು ಬಾ ಎಂದು ಅವನನ್ನು ಕರೆದೊಯ್ದಿದ್ದ. ಬೀದಿಯವರೆಲ್ಲ ಗದ್ದೆಗೆ ಹೋಗಿದ್ದ ಹೊತ್ತು. ಒಳಗೆ ಮಾತಿಗೆ ಮಾತು ಬೆಳೆಯಿತು. ಹಿಂದಿನಿಂದ ಕಬ್ಬಿಣದ ಸರಳಿನಿಂದ ಹೊಡೆದ. ಫೋನನ್ನು ನಾಲೆಗೆ ಎಸೆಯುವ ಮುಂಚೆ ಬೆಂಗಳೂರಿನ ಮೆಸೇಜ್ ತಾನೇ ಕಳಿಸಿಕೊಂಡ. ಗಲಾಟೆ ತಣ್ಣಗಾದ ಮೇಲೆ ಹೆಣ ಸಾಗಿಸುವ ಯೋಚನೆಯಿತ್ತು. ಅಷ್ಟರಲ್ಲಿ ಮಂಚಮ್ಮ ಗೆದ್ದಳು. ಆದೇಶದ ದಿನವೇ ಬೀಗದಕೈ ಅಧಿಕಾರಿಗಳ ವಶಕ್ಕೆ ಹೋಯಿತು.

"ಒಬ್ನೇ ಒಬ್ಬ ಕಾವಲುಗಾರನ್ನ ನಿಜವಾಗಿ ಇಟ್ಟಿದ್ದಿದ್ರೆ," ಎಂದ ಹೊನ್ನಯ್ಯ ಜೀಪಿನಲ್ಲಿ, "ಸಿದ್ದರಾಮು ಬದುಕ್ತಿದ್ದ ಅಲ್ವ ಮೇಡಂ?"



ಮರುದಿನ ಸಂಜೆಗೆ ಮುಂಚೆ ಸಿದ್ದರಾಮುವಿನ ಹೆಂಡತಿ ವನಜಾ ಯಲಿಯೂರಿನ ಗಂಡನ ಮನೆಯಿಂದ ಬಂದಳು. ಗಂಡ ಸತ್ತ ಜಾಗ ನೋಡಬೇಕೆಂದಳು. ಅರುಂಧತಿಯೇ ಕರೆತಂದಳು. ಮನೆ ತೊಳೆಯುತ್ತಿದ್ದ ಮಂಚಮ್ಮ ಪೊರಕೆ ಕೆಳಗಿಟ್ಟು ಹೊರಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಒಳಕ್ ಬಾ ಕಣವ್ವ," ಎಂದಳು ಮಂಚಮ್ಮ.

ವನಜಾ ಹೊಸ್ತಿಲು ದಾಟಲಿಲ್ಲ. ತಿರುಗಿ ಬೀದಿಯನ್ನು ನೋಡಿದಳು. ಜಗಲಿಗಳ ಮೇಲೆ, ಬಾಗಿಲುಗಳಲ್ಲಿ ಜನ ನಿಂತಿದ್ದರು.

"ಅವ್ರು ಕೂಗ್ಲಿಲ್ವ?" ಎಂದು ಕೇಳಿದಳು. "ಯಾರ್ಗೂ ಕೇಳಿಸ್ಲೇ ಇಲ್ವ?"

ಒಬ್ಬಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ಬಾಗಿಲು ಮುಚ್ಚಿತು. ಇನ್ನೊಂದು.

ಪಟ್ಟಲಮ್ಮ ಜಗಲಿ ಇಳಿದಳು. ಬೀದಿ ದಾಟಿ ಬಂದು, ವನಜಾಳ ಕಾಲ ಬಳಿ ನೆಲದ ಮೇಲೆ ಕುಳಿತಳು.

"ನಂಗೆ ಕೇಳಿಸ್ತು ಕಣವ್ವ," ಎಂದಳು.